ದಾವೋ ನಗರದ ಡುಟರ್ಟೆ: ಅವಧಿಯ ಮಿತಿಯಿದ್ದರೂ ಎರಡು ದಶಕಗಳ ಮೇಯರ್‌ಗಿರಿ ಸಾಧ್ಯವಾದದ್ದು ಹೇಗೆ?

ಪ್ರಶ್ನೆ: ಬಿ.ಎ. ವಿದ್ಯಾರ್ಥಿ, ತುಮಕೂರು
ಸ್ಥಳೀಯ ಸರ್ಕಾರಗಳ ಕುರಿತು ತರಗತಿಯಲ್ಲಿ ಪ್ರಬಂಧ ಮಂಡಿಸಬೇಕಿದೆ. ಫಿಲಿಪ್ಪೀನ್ಸ್‌ನ 1987ರ ಸಂವಿಧಾನದ ಪ್ರಕಾರ ಮೇಯರ್ ಆದವರು ಸತತವಾಗಿ ಮೂರು ಅವಧಿಗಿಂತ ಹೆಚ್ಚು ಕಾಲ ಆ ಹುದ್ದೆಯಲ್ಲಿ ಇರುವಂತಿಲ್ಲ. ಹೀಗಿದ್ದೂ, ಮುಂದೆ ಆ ದೇಶದ ಅಧ್ಯಕ್ಷರಾದ ರೊಡ್ರಿಗೊ ಡುಟರ್ಟೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ದಾವೋದ ಮೇಯರ್ ಆಗಿದ್ದುದು ಹೇಗೆ? ನಮ್ಮ ಪಾಲಿಕೆಯ ಮೇಯರ್‌ಗೂ ಅವರಿಗೂ ಹೋಲಿಕೆ ಸಾಧ್ಯವೇ?

ಉತ್ತರ: ನಿವೃತ್ತ ಉಪನ್ಯಾಸಕ, ಕೋಲಾರ
ನಿಮ್ಮ ಪ್ರಶ್ನೆಯಲ್ಲಿರುವ 'ಸತತವಾಗಿ' ಎಂಬುದೇ ಕೀಲಿಕೈ. ಸರ್ವಾಧಿಕಾರಿ ಅಧ್ಯಕ್ಷ ಮಾರ್ಕೋಸ್ ಪದಚ್ಯುತರಾದ 1986ರಲ್ಲಿ ಡುಟರ್ಟೆ ನೇಮಕದಿಂದ ಹಂಗಾಮಿ ಉಪಮೇಯರ್ ಆದರು. 1988ರಿಂದ 1998ರವರೆಗೆ ಮೇಯರ್ ಆಗಿದ್ದು, ಮಿತಿ ಮುಗಿದಾಗ ಸಂಸತ್ತಿನ ಕೆಳಮನೆಗೆ ಹೋದರು. 2001ರಲ್ಲಿ ಮರಳಿ ಬಂದು 2010ರವರೆಗೆ ಮತ್ತೆ ಮೇಯರ್ ಆದರು. ಮುಂದಿನ ಮೂರು ವರ್ಷ ಮಗಳು ಸಾರಾ ಮೇಯರ್, ತಂದೆ ಉಪಮೇಯರ್. 2013ರಲ್ಲಿ ಪುನಃ ತಂದೆಯೇ ಮೇಯರ್. ಹುದ್ದೆ ಮನೆಯೊಳಗೇ ಸುತ್ತುತ್ತಿದ್ದರೆ ಅವಧಿಯ ಮಿತಿ ಯಾರನ್ನು ತಡೆದೀತು?

ಹೋಲಿಕೆ ಕಷ್ಟ. ನಮ್ಮಲ್ಲಿ ಪಾಲಿಕೆ ಸದಸ್ಯರು ಮೇಯರ್‌ರನ್ನು ಆರಿಸುತ್ತಾರೆ, ಆಡಳಿತದ ಹಿಡಿತ ಆಯುಕ್ತರದು. ಅಲ್ಲಿ ಜನರೇ ನೇರವಾಗಿ ಆರಿಸುತ್ತಾರೆ.

ಉತ್ತರ: ವಕೀಲ, ಚಿಕ್ಕಬಳ್ಳಾಪುರ
ಗುರುಗಳು ಹೇಳಿದ್ದು ಸರಿಯೇ, ಆದರೆ ಕುಟುಂಬ ರಾಜಕಾರಣವೊಂದರಿಂದಲೇ ಇದನ್ನು ವಿವರಿಸಲಾಗದು. ಅಲ್ಲಿನ ಕಾನೂನಿನಂತೆ ನಗರದ ಪೊಲೀಸ್ ಮುಖ್ಯಸ್ಥರನ್ನು, ಮೇಲಧಿಕಾರಿಗಳು ಕಳುಹಿಸುವ ಪಟ್ಟಿಯಿಂದ ಮೇಯರ್ ಆಯ್ಕೆ ಮಾಡುತ್ತಾರೆ. ತುಮಕೂರಿನ ಮೇಯರ್‌ಗೆ ಅಂಥ ಅಧಿಕಾರವಿದೆಯೆಂದು ಊಹಿಸಿಕೊಂಡರೆ ಅಂತರ ಅರ್ಥವಾಗುತ್ತದೆ. ಡುಟರ್ಟೆಯವರ ಕಾಲದಲ್ಲಿ ದಾವೋದ ಪೊಲೀಸ್ ಮುಖ್ಯಸ್ಥರಾಗಿದ್ದ ರೊನಾಲ್ಡ್ ಡೆಲಾ ರೋಸಾ ಅವರೇ, ಡುಟರ್ಟೆ ಅಧ್ಯಕ್ಷರಾದ 2016ರಲ್ಲಿ ರಾಷ್ಟ್ರೀಯ ಪೊಲೀಸ್ ಮುಖ್ಯಸ್ಥರೂ ಆದರು.

ಡುಟರ್ಟೆಯವರ ದಾವೋದಲ್ಲಿ ಶಂಕಿತ ಅಪರಾಧಿಗಳನ್ನು ಕೊಲ್ಲುತ್ತಿದ್ದವೆನ್ನಲಾದ 'ದಾವೋ ಡೆತ್ ಸ್ಕ್ವಾಡ್' ಎಂಬ ಕೊಲೆಗಡುಕ ತಂಡಗಳ ಆರೋಪವನ್ನು ಬಿಟ್ಟು ಈ ಪ್ರಬಂಧ ಬರೆಯಬೇಡಿ. 2009ರಲ್ಲಿ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷೆಯಾಗಿದ್ದ ಲೀಲಾ ಡಿ ಲಿಮಾ ಅದರ ವಿಚಾರಣೆ ಆರಂಭಿಸಿದ್ದರು. ಡುಟರ್ಟೆ ಅಧ್ಯಕ್ಷರಾದ ಮೇಲೆ, 2017ರಲ್ಲಿ ಆಕೆಯೇ ಬಂಧಿತರಾಗಿ ಆರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದರು.

ಮರುಪ್ರಶ್ನೆ: ಬಿ.ಎ. ವಿದ್ಯಾರ್ಥಿ, ತುಮಕೂರು
ಇಷ್ಟೆಲ್ಲ ಗೊತ್ತಿದ್ದೂ ಜನರು ಮತ ಹಾಕಿದ್ದೇಕೆ ಸರ್?

ಉತ್ತರ: ನಿವೃತ್ತ ಉಪನ್ಯಾಸಕ, ಕೋಲಾರ
1980ರ ದಶಕದ ದಾವೋದಲ್ಲಿ ಕಮ್ಯುನಿಸ್ಟ್ ಬಂಡುಕೋರರ ನಗರ ತಂಡಗಳೂ ಅವರ ವಿರುದ್ಧ ಎದ್ದ ಸಶಸ್ತ್ರ ಗುಂಪುಗಳೂ ಬೀದಿಯಲ್ಲೇ ಕೊಲೆ ಮಾಡುತ್ತಿದ್ದವು. ಆ ಭಯವನ್ನು ಕಂಡವರಿಗೆ ಧೂಮಪಾನ, ಪಟಾಕಿಗಳ ನಿಷೇಧವೂ ತುರ್ತು ಕರೆಯ ಸೇವೆಯೂ ಇದ್ದ ನಗರ ನೆಮ್ಮದಿ ತಂದಿರಬೇಕು; ಆ ನೆಮ್ಮದಿಯ ಬೆಲೆಯನ್ನು ತೆತ್ತವರು ಹೆಚ್ಚಾಗಿ ಬಡ ಕೇರಿಗಳ ಹುಡುಗರು ಎಂಬುದು ಮತಪೆಟ್ಟಿಗೆಯಲ್ಲಿ ಕಾಣಲಿಲ್ಲ.

ಉತ್ತರ: ವಕೀಲ, ಚಿಕ್ಕಬಳ್ಳಾಪುರ
ಒಂದು ಸೇರ್ಪಡೆ. ಡುಟರ್ಟೆ ಇಂಥ ಕೊಲೆಗಳ ಆರೋಪದ ಮೇಲೆ 2025ರ ಮಾರ್ಚ್‌ನಲ್ಲಿ ಬಂಧಿತರಾಗಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ವಶದಲ್ಲಿದ್ದಾಗಲೇ, ಮೇ ತಿಂಗಳಲ್ಲಿ ಅವರು ಪುನಃ ದಾವೋದ ಮೇಯರ್ ಆಗಿ ಗೆದ್ದರು. ಬಂಧನದ ವಾರಂಟ್ 2011ರ ನವೆಂಬರ್‌ನಿಂದಾಚೆಗಿನ ಘಟನೆಗಳಿಗೆ ಸಂಬಂಧಿಸಿದ್ದರಿಂದ ಮೇಯರ್ ಆಗಿದ್ದ ಕಾಲವೂ ಅದರೊಳಗೆ ಬರುತ್ತದೆ. ಉಪಮೇಯರ್ ಆಗಿ ಗೆದ್ದವರು ಮಗ ಸೆಬಾಸ್ಟಿಯನ್. ತಂದೆ ಅಧಿಕಾರ ವಹಿಸಿಕೊಳ್ಳಲಾಗದ ಕಾರಣ ಮೇಯರ್ ಕೆಲಸ ಅವರ ಪಾಲಿಗೇ ಬಂದಿತು.