ಜಲಾಶಯ, ಜೌಗು, ಹಾಸುಹರಿವು: ಎವರ್‌ಗ್ಲೇಡ್ಸ್ ಕುರಿತ ಬರಹದಲ್ಲಿ ಎದುರಾದ ಪದಗಳು

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿರುವ ಎವರ್‌ಗ್ಲೇಡ್ಸ್ ಎಂಬ ವಿಶಾಲ ಜಲಭೂಮಿಗೆ ಮತ್ತೆ ನೀರು ಹರಿಸುವ ಸಲುವಾಗಿ ದೊಡ್ಡದೊಂದು ಜಲಾಶಯ ಕಟ್ಟಲಾಗುತ್ತಿದೆ. ಆ ಯೋಜನೆಯನ್ನು ಕನ್ನಡದಲ್ಲಿ ವಿವರಿಸುವ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ನಾವು ದಿನವೂ ಬಳಸುವ ಕೆಲವು ಪದಗಳು ಅಲ್ಲಿನ ವಸ್ತುಸ್ಥಿತಿಗೆ ಹೊಂದುತ್ತವೆಯೇ ಎಂಬ ಸಂದೇಹ ಬಂದಿರುವುದರಿಂದ ತಮ್ಮೆಲ್ಲರ ಅಭಿಪ್ರಾಯ ಕೇಳುತ್ತಿದ್ದೇನೆ.

ಮೊದಲನೆಯದು 'ಜಲಾಶಯ'. ವ್ಯುತ್ಪತ್ತಿಯಂತೆ ನೀರು ನೆಲೆನಿಂತ ಯಾವುದೇ ತಾಣವೂ ಜಲಾಶಯವೇ. ಆದರೆ ಇಂದಿನ ಬಳಕೆಯಲ್ಲಿ ಆ ಮಾತು ಕಿವಿಗೆ ಬಿದ್ದೊಡನೆ ಕಣ್ಣಮುಂದೆ ಬರುವುದು ನದಿಗೆ ಅಡ್ಡಲಾಗಿ ನಿಂತ ಅಣೆಕಟ್ಟು, ಅದರ ಹಿಂದೆ ಚಾಚಿಕೊಂಡ ಹಿನ್ನೀರು ಮತ್ತು ಮುಳುಗಿದ ಊರುಗಳು. ಫ್ಲೋರಿಡಾದ ಈ ಕಾಮಗಾರಿಯಲ್ಲಿ ಅಡ್ಡಗಟ್ಟಬೇಕಾದ ನದಿಯೂ ಇಲ್ಲ, ಕಣಿವೆಯೂ ಇಲ್ಲ. ಓಕಿಚೋಬಿ ಸರೋವರದ ದಕ್ಷಿಣಕ್ಕೆ, ಕಬ್ಬು ಬೆಳೆಯುವ ಸಮತಟ್ಟು ನೆಲದಲ್ಲಿ, 10,500 ಎಕರೆ ಜಾಗದ ಸುತ್ತ ನಾಲ್ಕೂ ಕಡೆ ಏರಿ ಎತ್ತರಿಸಿ, ಸರೋವರದಿಂದ ಕಾಲುವೆಗಳಲ್ಲಿ ಬಂದ ನೀರನ್ನು ಪಂಪುಗಳಿಂದ ಮೇಲೆತ್ತಿ ಸುಮಾರು 23 ಅಡಿ ಆಳಕ್ಕೆ ತುಂಬಿಸುವುದು ಯೋಜನೆ. ಒಟ್ಟು ಸಂಗ್ರಹ 2,40,000 ಎಕರೆ-ಅಡಿ, ಅಂದರೆ ಹತ್ತು ಟಿಎಂಸಿಗಿಂತ ತುಸು ಹೆಚ್ಚು. ಅಡಿಯಲ್ಲಿರುವ ಸುಣ್ಣಕಲ್ಲು ರಂಧ್ರಮಯವಾದುದರಿಂದ ನೀರು ಬಸಿದುಹೋಗದಂತೆ ಏರಿಯ ಕೆಳಗೆ ನೆಲದೊಳಕ್ಕೂ ತಡೆಗೋಡೆ ಇಳಿಸಬೇಕಾಗುತ್ತದೆ. ಇದನ್ನು 'ಅಣೆಕಟ್ಟು' ಎಂದು ಬರೆದರೆ ಓದುಗರ ಮನಸ್ಸಿನಲ್ಲಿ ತಪ್ಪು ಚಿತ್ರ ಮೂಡುವುದು ಖಂಡಿತ. 'ಕೆರೆ' ಎನ್ನೋಣವೆಂದರೆ, ಕೆರೆಗೆ ಏರಿ ಒಂದು ಪಕ್ಕದಲ್ಲಿರುತ್ತದೆ, ನೀರು ಇಳಿಜಾರಿನಿಂದ ತಾನಾಗಿ ಬಂದು ಸೇರುತ್ತದೆ. 'ಕಟ್ಟೆ' ಎಂಬುದು ಗಾತ್ರಕ್ಕೆ ತೀರಾ ಸಣ್ಣ ಮಾತು. ಮಳೆಗಾಲದ ಹೆಚ್ಚುವರಿಯನ್ನು ಕೂಡಿಟ್ಟು ಒಣ ತಿಂಗಳುಗಳಲ್ಲಿ ಅಳೆದು ಕೊಡುವುದೇ ಇದರ ಕೆಲಸವಾದ್ದರಿಂದ ಸುಗ್ಗಿಯ ಧಾನ್ಯ ತುಂಬಿಡುವ ಕಣಜದ ನೆನಪಾಗಿ 'ನೀರ್ಗಣಜ' ಎಂಬ ರೂಪವೂ ಹೊಳೆಯಿತು. ಪದ ಚೆಲುವಾಗಿದೆ, ಆದರೆ ಇಡೀ ಲೇಖನದ ಭಾರವನ್ನು ಅದರ ಮೇಲೆ ಹೇರಲು ಮನಸ್ಸಾಗಲಿಲ್ಲ. 'ಜಲಾಶಯ'ವನ್ನೇ ಉಳಿಸಿಕೊಂಡು, ಅಣೆಕಟ್ಟು, ಹಿನ್ನೀರು ಎಂಬ ಮಾತುಗಳನ್ನು ಹತ್ತಿರ ಸುಳಿಯಗೊಡದೆ, ನಮ್ಮ ಕೆರೆಯ ಪರಿಭಾಷೆಯಿಂದ ಏರಿ, ತೂಬು, ಕೋಡಿಗಳನ್ನು ಎರವಲು ತರುವುದು ಲೇಸೆಂದು ನನ್ನ ಎಣಿಕೆ.

ಎರಡನೆಯದು ಹೆಚ್ಚು ತೊಡಕಿನದು. ಇಂಥ ನೆಲಕ್ಕೆ 'ಜೌಗು ಪ್ರದೇಶ' ಎಂಬುದೇ ರೂಢಿಯ ಮಾತು. ಆದರೆ ಜೌಗು, ಜವಳು ಎಂಬ ಮಾತುಗಳಿಗೆ ಕೆಟ್ಟುಹೋದ ನೆಲದ ವಾಸನೆ ಅಂಟಿಕೊಂಡಿದೆ. 'ಸವಳು-ಜವಳು' ಎಂಬ ಜೋಡುನುಡಿಯಲ್ಲಂತೂ ಅದು ನೀರು ನಿಂತು ಬೇಸಾಯಕ್ಕೆ ಬಾರದಂತಾದ ಹೊಲವೇ. ಬಸಿಗಾಲುವೆ ತೋಡಿ ಸರಿಪಡಿಸಬೇಕು ಎಂಬ ಸಲಹೆ ಆ ಪದದೊಳಗೇ ಅಡಗಿದೆ. ಎವರ್‌ಗ್ಲೇಡ್ಸ್‌ಗೆ ಒದಗಿದ ವಿಪತ್ತಿನ ಮೂಲವೂ ಇದೇ ದೃಷ್ಟಿ. 1850ರ ಅಮೆರಿಕದ ಕಾನೂನೊಂದು ಜೌಗು ನೆಲವನ್ನು ಬಸಿದು ಸಾಗುವಳಿಗೆ ತರಲೆಂದೇ ರಾಜ್ಯಗಳಿಗೆ ವಹಿಸಿಕೊಟ್ಟಿತು. 1904ರ ಚುನಾವಣೆಯಲ್ಲಿ ನೆಪೋಲಿಯನ್ ಬ್ರೋವರ್ಡ್ ಎಂಬುವರು ಎವರ್‌ಗ್ಲೇಡ್ಸ್ ನೀರನ್ನು ಬಸಿದು ತೆಗೆಯುವ ಭರವಸೆ ಕೊಟ್ಟು ಫ್ಲೋರಿಡಾದ ಗವರ್ನರ್ ಆದರು. 1928ರ ಚಂಡಮಾರುತದಲ್ಲಿ ಓಕಿಚೋಬಿ ಉಕ್ಕಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತ ಮೇಲೆ ಸರೋವರದ ಸುತ್ತ ದೊಡ್ಡ ಒಡ್ಡು ಎದ್ದಿತು. 1948ರಿಂದಾಚೆಗೆ ಕಾಲುವೆ, ಒಡ್ಡು, ಪಂಪುಗಳ ಜಾಲ ಬೆಳೆಯಿತು. ಪ್ರಾಣ ಉಳಿಸಲು ಮಾಡಿದ ಆ ಕೆಲಸವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ದಕ್ಷಿಣಕ್ಕೆ ಹೋಗಬೇಕಿದ್ದ ನೀರು ಮಳೆಗಾಲದಲ್ಲಿ ಪೂರ್ವದ ಸೇಂಟ್ ಲೂಸಿ, ಪಶ್ಚಿಮದ ಕಲೂಸಹಾಚಿ ದಾರಿಗಳಲ್ಲಿ ಕಡಲು ಸೇರತೊಡಗಿತು. ಆ ಅಳಿವೆಗಳಲ್ಲಿ ಸಿಹಿನೀರು ವಿಪರೀತವಾಗಿ ಸಿಂಪಿಗಳು ಸತ್ತವು. ತೆಂಕಣ ತುದಿಯ ಫ್ಲೋರಿಡಾ ಕೊಲ್ಲಿಯಲ್ಲಿ ಸಿಹಿನೀರು ಸಾಲದೆ ಉಪ್ಪು ಏರಿ ಕಡಲಹುಲ್ಲು ನಾಶವಾಯಿತು.

ಅಲ್ಲಿನ ಮೂಲನಿವಾಸಿಗಳ ಮಾತಿನಲ್ಲಿ ಆ ನೆಲಕ್ಕೆ 'ಪಹಯೋಕಿ' ಎಂಬ ಹೆಸರಿದೆ, 'ಹುಲ್ಲುನೀರು' ಎಂದು ಅರ್ಥ. ನಿಂದೆಯ ಸೋಂಕಿಲ್ಲದೆ, ಕಂಡದ್ದನ್ನು ಕಂಡಂತೆ ಹೇಳುವ ಹೆಸರು. 'ತೇವಭೂಮಿ' ಎಂದರೆ ಬರಿಯ ಹಸಿ ಮಣ್ಣು ಎಂದಾಗುತ್ತದೆ. ಆದುದರಿಂದ ಮೇಲೆ 'ಜಲಭೂಮಿ' ಎಂದು ಬರೆದಿದ್ದೇನೆ. ಆದರೆ ಅದೂ ವರ್ಷವಿಡೀ ನೀರು ನಿಂತ ತಾಣವೆಂಬ ಭಾವನೆ ಕೊಡುತ್ತದೆಯೇನೋ. ನೀರು ಏರುವುದರಷ್ಟೇ ಇಳಿಯುವುದೂ ಅಲ್ಲಿ ಮುಖ್ಯ. ವುಡ್ ಸ್ಟಾರ್ಕ್ ಎಂಬ ದೊಡ್ಡ ಕೊಕ್ಕರೆ ಕಣ್ಣಿನಿಂದ ನೋಡಿ ಮೀನು ಹಿಡಿಯುವುದಿಲ್ಲ. ತೆರೆದ ಕೊಕ್ಕನ್ನು ಕಲಕು ನೀರಿನಲ್ಲಿ ಆಡಿಸುತ್ತ, ಮೀನು ತಗುಲಿದ ಕ್ಷಣವೇ ಕಚ್ಚಿ ಮುಚ್ಚುತ್ತದೆ. ಒಣಗಾಲದಲ್ಲಿ ನೀರು ಮೆಲ್ಲಗೆ ಇಳಿದು ಗುಂಡಿಗಳಲ್ಲಿ ಮೀನು ಒತ್ತಾಗಿ ಸೇರಿದಾಗ ಮಾತ್ರ ಮರಿಗಳ ಹೊಟ್ಟೆ ತುಂಬುತ್ತದೆ. ಆ ಹೊತ್ತಿಗೆ ಯಾರೋ ಗೇಟು ತೆರೆದು ನೀರು ಬಿಟ್ಟರೆ ಮೀನು ಚೆದುರಿ ಹಕ್ಕಿಗಳು ಗೂಡನ್ನೇ ತೊರೆಯುತ್ತವೆ. ಹೀಗಾಗಿ ಜಲಾಶಯದ ಗುಣವನ್ನು ಅಳೆಯಬೇಕಾದದ್ದು ಎಷ್ಟು ಹಿಡಿಯುತ್ತದೆ ಎಂಬುದಕ್ಕಿಂತ ಯಾವಾಗ, ಎಷ್ಟು ನಿಧಾನವಾಗಿ ಬಿಡುತ್ತದೆ ಎಂಬುದರಿಂದ.

ಎವರ್‌ಗ್ಲೇಡ್ಸ್‌ಗೆ ಮತ್ತೆ ನೀರು ಹರಿಸುವ ಈ ಕೆಲಸವನ್ನು ಕರೆಯಬೇಕಾದದ್ದು 'ಪುನಃಸ್ಥಾಪನೆ'ಯೋ 'ಪುನಶ್ಚೇತನ'ವೋ ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದೆ. ಓಕಿಚೋಬಿ ಬಳಿಯ ಬೆಲ್ ಗ್ಲೇಡ್ ಎಂಬ ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ 1924ರಲ್ಲಿ ಒಂಬತ್ತು ಅಡಿಯ ಕಾಂಕ್ರೀಟ್ ಕಂಬವೊಂದನ್ನು ಬಂಡೆಗೆ ತಾಗುವಂತೆ, ತಲೆ ನೆಲಕ್ಕೆ ಸಮವಾಗುವಂತೆ ಹೂತರು. ನೀರು ಬಸಿದ ಮೇಲೆ ಸಸ್ಯಶೇಷದ ಕಪ್ಪು ಮಣ್ಣು ಗಾಳಿಗೆ ಒಡ್ಡಿಕೊಂಡು ಕರಗುತ್ತ ಹೋಗಿ, ಈಗ ಆ ಕಂಬ ಆಳೆತ್ತರಕ್ಕೆ ಹೊರಗೆ ನಿಂತಿದೆ. ಮೂಲ ಎವರ್‌ಗ್ಲೇಡ್ಸ್‌ನ ಅರ್ಧದಷ್ಟು ಈಗಾಗಲೇ ಇಲ್ಲವಾಗಿದೆ. ಇದ್ದಂತೆಯೇ ಮರಳಿ ನಿಲ್ಲಿಸುವುದು ಸಾಧ್ಯವಿಲ್ಲದ್ದರಿಂದ, ಉಳಿದುದಕ್ಕೆ ಜೀವ ತುಂಬುವ ಅರ್ಥದ 'ಪುನಶ್ಚೇತನ'ವೇ ಸರಿ.

ಕೊನೆಯದಾಗಿ, ನಿಜವಾಗಿ ಸಹಾಯ ಬೇಕಾಗಿರುವ ಪದ. ಹಿಂದೆ ಓಕಿಚೋಬಿಯ ತುಂಬುನೀರು ಮೈಲಿಗೆ ಎರಡು ಅಂಗುಲದಷ್ಟೇ ಇಳಿಜಾರಿನಲ್ಲಿ, ಹತ್ತಾರು ಮೈಲಿ ಅಗಲಕ್ಕೆ ತೆಳುವಾಗಿ ಹರಡಿ, ಗರಗಸದಂಥ ಅಂಚಿನ ಹುಲ್ಲಿನ ನಡುವೆ ನುಸುಳುತ್ತ ಕಡಲಿನತ್ತ ಸಾಗುತ್ತಿತ್ತು. 2018ರಲ್ಲಿ ಅಮೆರಿಕದ ಸಂಸತ್ತು ಒಪ್ಪಿಗೆ ನೀಡಿದ ಈ ಜಲಾಶಯದ ಉದ್ದೇಶ ಆ ಹರಿವಿಗೆ ನೀರು ಒದಗಿಸುವುದು. ನೀರು ಮೊದಲು ಪಕ್ಕದಲ್ಲಿ 6,500 ಎಕರೆಯಲ್ಲಿ ನಿರ್ಮಿಸಿದ ಸಸ್ಯಗಳ ಕೊಳಗಳನ್ನು ಹಾಯ್ದು ರಂಜಕವನ್ನು ಕಳೆದುಕೊಳ್ಳಬೇಕು, ಏಕೆಂದರೆ ಆ ನೆಲ ಸಹಿಸುವ ರಂಜಕ ಶತಕೋಟಿಗೆ 10 ಭಾಗ ಮಾತ್ರ. ಮೀರಿದರೆ ಮೂಲದ ಹುಲ್ಲನ್ನು ಜೊಂಡು ನುಂಗಿಹಾಕುತ್ತದೆ. ತೆಳುವಾಗಿ ಹರಡಿ ಸಾಗುವ ಈ ಬಗೆಯ ಹರಿವಿಗೆ ಇಂಗ್ಲಿಷಿನಲ್ಲಿ 'ಶೀಟ್ ಫ್ಲೋ' ಎನ್ನುತ್ತಾರೆ. ಅದಕ್ಕೆ 'ಹಾಳೆ ಹರಿವು' ಎಂಬ ಅನುವಾದವನ್ನು ನೋಡಿದ್ದೇನೆ, ಅದು ಕನ್ನಡದ ಕಿವಿಗೆ ಒಗ್ಗದು. 'ಪದರ ಹರಿವು' ಎಂದರೆ ಒಂದರ ಮೇಲೊಂದು ಪದರವಿದೆ ಎಂಬ ಅರ್ಥ ಬರುತ್ತದೆ. ಹಾಸುಬಂಡೆ, ಹಾಸುಗಲ್ಲುಗಳ ಮಾದರಿಯಲ್ಲಿ 'ಹಾಸುಹರಿವು' ಎಂದು ಕಟ್ಟಿಕೊಂಡಿದ್ದೇನೆ. ಸಮಾಸದ ದೃಷ್ಟಿಯಿಂದ ಇದು ಒಪ್ಪುತ್ತದೆಯೇ ಎಂದು ವ್ಯಾಕರಣ ಬಲ್ಲವರು ತಿಳಿಸಬೇಕು. ಅದಕ್ಕಿಂತ ಮುಖ್ಯವಾಗಿ, ಕಾಲುವೆಯ ಹಂಗಿಲ್ಲದೆ ಬಯಲಿಡೀ ತೆಳ್ಳಗೆ ಹಬ್ಬಿ ಹರಿಯುವ ನೀರಿಗೆ ಬೇಸಾಯಗಾರರ ಬಾಯಲ್ಲಿ ಬಳಕೆಯಲ್ಲಿರುವ ಪದ ಯಾರಿಗಾದರೂ ಗೊತ್ತಿದ್ದರೆ, ಅದು ಯಾವ ಸೀಮೆಯದು ಎಂಬ ವಿವರದೊಂದಿಗೆ ದಯವಿಟ್ಟು ಬರೆಯಿರಿ. ಅಂಥದೊಂದು ಸಿಕ್ಕಿದರೆ ನಾನು ಕಟ್ಟಿದ ಪದವನ್ನು ಸಂತೋಷದಿಂದ ಕೈಬಿಡುತ್ತೇನೆ.