ಹೃದಯದ ಕವಾಟ ಬದಲಾದ ಅಮ್ಮನಿಗೆ ರಕ್ತ ತೆಳುವಾಗಿಸುವ ಮಾತ್ರೆ: ನಿಮ್ಮ ಮನೆಗಳಲ್ಲಿ ಹೇಗೆ ನಡೆಯುತ್ತಿದೆ?

ಕೇಳಿದವರು, ಅರಸೀಕೆರೆ:
ಅಮ್ಮನಿಗೆ 52 ವರ್ಷ. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಹಾಳಾಗಿತ್ತು. ಕಳೆದ ತಿಂಗಳು ಲೋಹದ ಕವಾಟ ಹಾಕಿದರು. ದಿನವೂ ಸಂಜೆ ಅಸಿಟ್ರೋಮ್ ಮಾತ್ರೆ. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ ಪರೀಕ್ಷೆಯ ಅಂಕಿ) 2.5ರಿಂದ 3.5ರ ಒಳಗಿರಬೇಕಂತೆ. ಮೊದಲು 1.8 ಇತ್ತು, ಮೊನ್ನೆ 4.6 ಬಂದು ಡೋಸ್ ಇಳಿಸಿದರು. ಸೊಪ್ಪು ಮುಟ್ಟಬಾರದೆಂದು ನೆಂಟರೆಲ್ಲ ಹೇಳುತ್ತಾರೆ. ಸೊಪ್ಪಿಲ್ಲದ ಊಟ ಅಮ್ಮನಿಗೆ ಸೇರುವುದಿಲ್ಲ. ಎರಡು ತುತ್ತಿಗೆ ಏಳುತ್ತಾರೆ. ತಿಳಿದವರು ಹೇಳಿ.

ಮೈಸೂರಿನಿಂದ, ಸೊಸೆ:
ನಮ್ಮ ಅತ್ತೆಗೂ ಇದೇ ಕವಾಟ, ಇದೇ ಮಾತ್ರೆ, ಹನ್ನೊಂದು ವರ್ಷವಾಯಿತು. ದಯವಿಟ್ಟು ಸೊಪ್ಪು ಬಿಡಿಸಬೇಡಿ. ರಕ್ತ ಹೆಪ್ಪುಗಟ್ಟಿಸುವ ಕೆಲವು ಅಂಶಗಳು ಯಕೃತ್ತಿನಲ್ಲಿ ತಯಾರಾಗಲು ವಿಟಮಿನ್ ಕೆ ಬೇಕು. ಈ ಮಾತ್ರೆ ಅದಕ್ಕೆ ಅಡ್ಡ ನಿಲ್ಲುತ್ತದೆ. ಸೊಪ್ಪಿನಲ್ಲಿ ಆ ವಿಟಮಿನ್ ಹೆಚ್ಚು. ಊಟ ಕಡಿಮೆಯಾದರೆ ಅಷ್ಟೇ ಮಾತ್ರೆ ಜೋರಾಗಿ ಕೆಲಸ ಮಾಡಿ ಐಎನ್‌ಆರ್ ಏರುತ್ತದೆ. ಅಮ್ಮನ 4.6ಕ್ಕೆ ಅದೂ ಕಾರಣವಿರಬಹುದು. ಊಟ ಬಿಟ್ಟಿದ್ದಾರೆಂದು ವೈದ್ಯರಿಗೆ ತಿಳಿಸಿ. ಅಮ್ಮ ತಿನ್ನುವ ಊಟಕ್ಕೆ ಸರಿಯಾಗಿ ಡೋಸ್ ನಿಗದಿಯಾಗಲಿ. ನಮ್ಮಲ್ಲಿ ವಾರಕ್ಕೆ ಮೂರು ದಿನ ಬಸ್ಸಾರು, ಪ್ರತಿಸಲವೂ ಹೆಚ್ಚುಕಡಿಮೆ ಅಷ್ಟೇ ಸೊಪ್ಪು. ಒಂದು ವಾರ ಬರಿಗೈ, ಮರುವಾರ ತಟ್ಟೆ ತುಂಬ ನುಗ್ಗೆಸೊಪ್ಪಿನ ಪಲ್ಯ ಎಂದಾದಾಗಲೇ ಏರುಪೇರಾಗಿದ್ದು.

ನಮಗೆ ಪೆಟ್ಟು ಕೊಟ್ಟದ್ದು ಬೇರೆಯೇ. ಮೂರನೆಯ ವರ್ಷ ಅತ್ತೆ ಊರಿನ ಜಾತ್ರೆಗೆ ಹೋದವರು, ಸೊಂಟನೋವೆಂದು ಅಲ್ಲಿನ ಕ್ಲಿನಿಕ್ಕೊಂದರಲ್ಲಿ ಸೂಜಿ ಹಾಕಿಸಿಕೊಂಡರು. ಮಾತ್ರೆಯ ವಿಷಯ ಇವರು ಹೇಳಲಿಲ್ಲ, ಅವರೂ ಕೇಳಲಿಲ್ಲ. ರಾತ್ರಿಯೊಳಗೆ ಚುಚ್ಚಿದ ಜಾಗ ಅಂಗೈಯಗಲ ಕಪ್ಪಾಗಿ, ಕಲ್ಲಿನಂತೆ ಊದಿಕೊಂಡಿತು. ಸ್ನಾಯುವಿನೊಳಗೆ ರಕ್ತ ತುಂಬಿತ್ತು. ಎಂಟು ದಿನ ಆಸ್ಪತ್ರೆ. ಆ ದಿನಗಳನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಅಂದಿನಿಂದ ಅವರ ಎಲೆ ಅಡಿಕೆ ಚೀಲದಲ್ಲಿ ಒಂದು ಚೀಟಿ ಇದೆ: ‘ಲೋಹದ ಕವಾಟ ಇದೆ, ಅಸಿಟ್ರೋಮ್ ತೆಗೆದುಕೊಳ್ಳುತ್ತೇನೆ, ಸ್ನಾಯುವಿಗೆ ಸೂಜಿ ಬೇಡ.’ ಆ ಚೀಲ ಅವರು ಎಲ್ಲೂ ಮರೆಯುವುದಿಲ್ಲ.

ದಾವಣಗೆರೆಯಿಂದ, ಶುಶ್ರೂಷಕಿ:
ಮೇಲಿನವರು ಹೇಳಿದ್ದು ನಿಜ. ಡೈಕ್ಲೊಫಿನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನೂ ಅಂಗಡಿಯಿಂದ ತಂದು ನುಂಗಬಾರದು. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಐಎನ್‌ಆರ್ ಏರಿಸುತ್ತದೆ, ಕ್ಷಯದ ರಿಫಾಂಪಿಸಿನ್ ಇಳಿಸುತ್ತದೆ. ಹೊಸ ಔಷಧ ಯಾವುದೇ ಬರಲಿ, ಐಎನ್‌ಆರ್ ಮತ್ತೆ ಯಾವಾಗ ನೋಡಬೇಕೆಂದು ಕೇಳಿ. ಒಂದು ಹೊತ್ತು ತಪ್ಪಿತೆಂದು ಮರುದಿನ ಎರಡು ನುಂಗಿಸಬೇಡಿ. ಹಲ್ಲು ಕೀಳಿಸಬೇಕಾದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಕಪ್ಪು ಮಲ, ಕೆಂಪು ಮೂತ್ರ, ಹಿಂದೆಂದೂ ಇಲ್ಲದ ತಲೆನೋವು, ತಲೆಗೆ ಪೆಟ್ಟು (ಗಾಯ ಕಾಣದಿದ್ದರೂ), ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು: ಬೆಳಗಾಗಲೆಂದು ಕಾಯದೆ ಹೊರಡಿ.

ಪುತ್ತೂರಿನಿಂದ, ಮಗ:
ತಂದೆಯವರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯ ಬಳಿಕ ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ರಿವರಾಕ್ಸಬಾನ್ ಎಂಬ, ರಕ್ತ ತೆಳುವಾಗಿಸುವ ಬೇರೊಂದು ಗುಂಪಿನ ಮಾತ್ರೆ ಕೊಟ್ಟರು. ಐಎನ್‌ಆರ್ ಪರೀಕ್ಷೆಯ ಗೋಜಿರಲಿಲ್ಲ. ಅದನ್ನೇ ಅಮ್ಮನಿಗೂ ಕೇಳೋಣವೆಂದು ನಿಮಗೆ ಅನ್ನಿಸಬಹುದು. ಲೋಹದ ಕವಾಟಕ್ಕೆ ಆ ಗುಂಪಿನ ಮಾತ್ರೆಗಳು ಸಲ್ಲುವುದಿಲ್ಲ. ಅದೇ ಗುಂಪಿನ ಡಾಬಿಗಟ್ರಾನನ್ನು ಅಂಥ ರೋಗಿಗಳ ಮೇಲೆ ಪರೀಕ್ಷಿಸಿದಾಗ ಹೆಪ್ಪುಗಟ್ಟುವುದೂ ರಕ್ತಸ್ರಾವವೂ ಎರಡೂ ಹೆಚ್ಚಾಗಿ, ಪ್ರಯೋಗವನ್ನೇ ಅರ್ಧಕ್ಕೆ ನಿಲ್ಲಿಸಿದರು.

ಕೇಳಿದವರು, ಅರಸೀಕೆರೆ:
ಎಲ್ಲರಿಗೂ ಕೃತಜ್ಞತೆ. ಇಂದು ವೈದ್ಯರಿಗೆ ಫೋನ್ ಮಾಡಿ ಊಟದ ವಿಷಯ ಹೇಳಿದೆ. ಸೊಪ್ಪು ಒಂದೇ ಅಳತೆಯಲ್ಲಿ ಕೊಡಿ, ಸೋಮವಾರ ಮತ್ತೆ ರಕ್ತ ಕೊಡಿ ಎಂದರು. ಒಂದು ಕೇಳುವುದಿದೆ: ರಾತ್ರಿ ಪಕ್ಕದಲ್ಲಿ ಮಲಗಿದರೆ ಅಮ್ಮನ ಎದೆಯಿಂದ ಗಡಿಯಾರದ ಹಾಗೆ ಟಿಕ್ ಟಿಕ್ ಕೇಳಿಸುತ್ತದೆ. ಹೆದರಬೇಕೆ?

ದಾವಣಗೆರೆಯಿಂದ, ಶುಶ್ರೂಷಕಿ:
ಇಲ್ಲ, ಅದು ಕವಾಟ ಮುಚ್ಚುವ ಸದ್ದು. ಅದು ಮಂಕಾದರೆ, ಕೇಳಿಸದೆ ಹೋದರೆ, ಅಥವಾ ಉಬ್ಬಸ ಬಂದರೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ.