ಅನಿಮೇಷನ್ ತುಂಬಿದ ಹೋಮ್‌ಸ್ಟೇ ವೆಬ್‌ಸೈಟ್ ಗೂಗಲ್‌ನಲ್ಲಿ ಸಿಗುತ್ತಿಲ್ಲ, ದಾರಿ ಏನು?

ತೋಟದಮನೆ, ಸೋಮವಾರಪೇಟೆ:

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆಯ ಹತ್ತಿರ ನಮ್ಮದೊಂದು ಕಾಫಿ ತೋಟವಿದ್ದು, ತೋಟದ ಹಳೆಯ ಮನೆಯಲ್ಲಿ ಮೂರು ಕೋಣೆಗಳ ಹೋಮ್‌ಸ್ಟೇ ನಡೆಸುತ್ತಿದ್ದೇವೆ. ಕಳೆದ ವರ್ಷ ಒಬ್ಬ ವಿನ್ಯಾಸಕಾರರಿಂದ ವೆಬ್‌ಸೈಟ್ ಮಾಡಿಸಿದೆವು. ತೆರೆದೊಡನೆ ಮಂಜು ಸರಿಯುತ್ತದೆ, ಹೂಮಳೆ ಬಿದ್ದು ಕಾಫಿ ಗಿಡಗಳು ಬೆಳ್ಳಗೆ ಅರಳುತ್ತವೆ, ಕೆಳಕ್ಕೆ ಸರಿಸಿದಂತೆಲ್ಲ ಕೋಣೆ, ಊಟ, ತೋಟದ ಸುತ್ತಾಟ, ನಾವೇ ಮಾರುವ ಕಾಳುಮೆಣಸು ಮತ್ತು ಜೇನಿನ ವಿವರಗಳು ಒಂದೊಂದೇ ಅಕ್ಷರವಾಗಿ ಮೂಡುತ್ತವೆ. ಬಂದವರೆಲ್ಲ ಅದನ್ನು ಮೆಚ್ಚಿದ್ದಾರೆ. ನಮ್ಮ ಅತ್ತೆಯವರು ಮಂಜು ಸರಿಯುವ ಆ ದೃಶ್ಯವನ್ನು ಈಗಲೂ ದಿನಕ್ಕೊಮ್ಮೆ ನೋಡುತ್ತಾರೆ.

ಆದರೆ ಹೋಮ್‌ಸ್ಟೇಯ ಹೆಸರನ್ನೇ ಟೈಪ್ ಮಾಡಿದರೆ ಮಾತ್ರ ಗೂಗಲ್‌ನಲ್ಲಿ ನಮ್ಮ ಪುಟ ಕಾಣುತ್ತದೆ. ‘ಸೋಮವಾರಪೇಟೆ ಹೋಮ್‌ಸ್ಟೇ’ ಎಂದಾಗಲಿ ‘ಕೊಡಗಿನ ಕಾಳುಮೆಣಸು’ ಎಂದಾಗಲಿ ಹುಡುಕಿದರೆ ಹತ್ತು ಪುಟ ದಾಟಿದರೂ ನಾವು ಇಲ್ಲ. ಅನಿಮೇಷನ್ ಎಲ್ಲವನ್ನೂ ತೆಗೆದುಹಾಕಿ ಎಂದು ಒಬ್ಬರು ಸಲಹೆ ಕೊಟ್ಟರು. ನನಗೆ ಮನಸ್ಸು ಒಪ್ಪುತ್ತಿಲ್ಲ. ಅದನ್ನು ಉಳಿಸಿಕೊಂಡೇ ಸರಿಪಡಿಸಲು ಸಾಧ್ಯವಿದೆಯೇ?

ಕೋಡ್‌ಗಾರ, ಕುಶಾಲನಗರ:

ಸಾಧ್ಯವಿದೆ ಮೇಡಂ. ಏನನ್ನಾದರೂ ತೆಗೆಯುವ ಮೊದಲು ಗೂಗಲ್ ನಿಮ್ಮ ಪುಟವನ್ನು ಹೇಗೆ ಓದುತ್ತದೆ ಎಂಬುದನ್ನು ತಿಳಿದುಕೊಳ್ಳಿ.

ಪುಟಗಳನ್ನು ಓದುವ ಗೂಗಲ್‌ನ ತಂತ್ರಾಂಶವಾದ ಗೂಗಲ್‌ಬಾಟ್ ಮೊದಲು ಸರ್ವರ್‌ನಿಂದ ಎಚ್‌ಟಿಎಂಎಲ್, ಅಂದರೆ ಪುಟದ ಮೂಲ ಬರಹ, ತರುತ್ತದೆ, ಅದರಲ್ಲಿರುವ ಲಿಂಕ್‌ಗಳನ್ನು ಗುರುತು ಹಾಕಿಕೊಳ್ಳುತ್ತದೆ, ಆಮೇಲೆ ಪುಟವನ್ನು ಸರದಿಯಲ್ಲಿಟ್ಟು ಕ್ರೋಮ್ ಬ್ರೌಸರ್‌ನ ಎಂಜಿನ್ನಿನಲ್ಲಿ ಜಾವಾಸ್ಕ್ರಿಪ್ಟ್ (ಪುಟಕ್ಕೆ ಚಲನೆ ಕೊಡುವ ಕೋಡ್) ನಡೆಸಿ, ಹಾಗೆ ಸಿದ್ಧವಾದ ಪುಟದ ಪಠ್ಯವನ್ನು ತನ್ನ ಸೂಚಿಗೆ (ಇಂಡೆಕ್ಸ್) ಸೇರಿಸಿಕೊಳ್ಳುತ್ತದೆ. 2019ರ ಮೇ ತಿಂಗಳಿನಿಂದ ಆ ಎಂಜಿನ್ ಕ್ರೋಮ್‌ನ ಹೊಸ ಆವೃತ್ತಿಗಳ ಜೊತೆಜೊತೆಗೇ ನವೀಕರಣಗೊಳ್ಳುತ್ತಿರುವುದರಿಂದ, ಗೂಗಲ್‌ಗೆ ಜಾವಾಸ್ಕ್ರಿಪ್ಟ್ ಅರ್ಥವಾಗುವುದಿಲ್ಲ ಎಂಬ ಹಳೆಯ ಮಾತನ್ನು ಈಗ ನಂಬಬೇಕಾಗಿಲ್ಲ. ಆದರೆ ಬಾಟ್ ನಿಮ್ಮ ಅತಿಥಿಯ ಹಾಗೆ ಗುಂಡಿ ಒತ್ತುವುದಿಲ್ಲ, ಪುಟವನ್ನು ಬೆರಳಿನಿಂದ ಸರಿಸುವುದೂ ಇಲ್ಲ. ಬಹಳ ಉದ್ದವಾದ ಒಂದು ಪರದೆಯಲ್ಲಿ ಪುಟವನ್ನು ಬಿಡಿಸಿ ನೋಡುತ್ತದೆ. ಪರದೆಯೊಳಗೆ ಬಂದೊಡನೆ ಮೂಡುವಂತೆ ಬರೆದ ಭಾಗಗಳು ಅದಕ್ಕೆ ಸಾಮಾನ್ಯವಾಗಿ ಕಾಣುತ್ತವೆ. ಯಾರಾದರೂ ಸ್ಕ್ರೋಲ್ ಮಾಡಲಿ ಎಂದು ಕಾಯುತ್ತಿರುವ ಭಾಗಗಳು ಕಾಣುವುದಿಲ್ಲ.

ಇಂತಹ ದೃಶ್ಯಗಳನ್ನು ಹಲವು ಬಾರಿ ಕ್ಯಾನ್ವಾಸ್‌ನಲ್ಲಿ, ಅಂದರೆ ಪುಟದೊಳಗೆ ಕೋಡ್ ಚಿತ್ರ ಬಿಡಿಸುವ ಜಾಗದಲ್ಲಿ, ಮಾಡುತ್ತಾರೆ; ಅದರ ಸಮಸ್ಯೆ ಬೇರೆ. ಕ್ಯಾನ್ವಾಸ್‌ನಲ್ಲಿ ಬಿಡಿಸಿದ ಅಕ್ಷರ ಬ್ರೌಸರ್‌ನ ಪಾಲಿಗೆ ಬರಿಯ ಬಣ್ಣದ ಚುಕ್ಕಿಗಳು. ‘ಕಾಳುಮೆಣಸು’ ಎಂಬ ಪದ ನಮ್ಮ ಕಣ್ಣಿಗೆ ಕಂಡರೂ ಪುಟದ ಪಠ್ಯದಲ್ಲಿ ಆ ಪದವೇ ಇರುವುದಿಲ್ಲ.

ಊಹಿಸುತ್ತ ಕೂರುವುದು ಬೇಡ. ವೆಬ್‌ಸೈಟ್ ಮಾಲೀಕರಿಗಾಗಿ ಇರುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಯುಆರ್‌ಎಲ್ ಇನ್‌ಸ್ಪೆಕ್ಷನ್ ಎಂಬ ಸೌಲಭ್ಯವಿದೆ. ನಿಮ್ಮ ಪುಟದ ವಿಳಾಸ ಕೊಟ್ಟು ಲೈವ್ ಪರೀಕ್ಷೆ ನಡೆಸಿದರೆ, ಬಾಟ್ ಕಂಡ ಪುಟದ ಚಿತ್ರವೂ ಎಚ್‌ಟಿಎಂಎಲ್ ಕೂಡ ಸಿಗುತ್ತವೆ. ಆ ಎಚ್‌ಟಿಎಂಎಲ್‌ನಲ್ಲಿ ‘ಕಾಳುಮೆಣಸು’ ಇದೆಯೇ ಎಂದು ಹುಡುಕಿ ನೋಡಿ, ಇಲ್ಲಿ ತಿಳಿಸಿ.

ತೋಟದಮನೆ, ಸೋಮವಾರಪೇಟೆ:

ನೀವು ಹೇಳಿದಂತೆ ನೋಡಿದೆ. ಹೋಮ್‌ಸ್ಟೇಯ ಹೆಸರು ಮತ್ತು ‘ಒಳಗೆ ಬನ್ನಿ’ ಎಂಬ ಗುಂಡಿ, ಇವೆರಡರ ಜೊತೆಗೆ ಒಂದು ಪ್ಯಾರಾ ಮಾತ್ರ ಇದೆ. ಉಳಿದುದೆಲ್ಲ ಆ ಗುಂಡಿ ಒತ್ತಿದ ಮೇಲೆಯೇ ಲೋಡ್ ಆಗುತ್ತದೆಯಂತೆ, ಅದೂ ಬಹುಪಾಲು ಕ್ಯಾನ್ವಾಸ್‌ನಲ್ಲಿ. ಕೋಣೆ, ಊಟ, ಕಾಳುಮೆಣಸು ಯಾವುದಕ್ಕೂ ಬೇರೆ ಪುಟವಿಲ್ಲ. ಒಂದೇ ವಿಳಾಸದ ಕೊನೆಗೆ ಹ್ಯಾಷ್ ಚಿಹ್ನೆ (#) ಹಾಕಿ ಒಂದೊಂದು ಹೆಸರು ಕೊಟ್ಟಿದ್ದಾರೆ. ಇನ್ನೊಂದು ವಿಚಿತ್ರವೆಂದರೆ, ಆ ಒಂದು ಪ್ಯಾರಾ ಪರದೆಯ ಮೇಲೆ ಸ್ವಚ್ಛವಾದ ಕನ್ನಡದಲ್ಲಿದೆ, ನಕಲು ಮಾಡಿ ಬೇರೆ ಕಡೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ.

ಅಚ್ಚಿನಮನೆ, ವಿರಾಜಪೇಟೆ:

ಆ ಕೊನೆಯ ಸಂಗತಿ ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಮದುವೆ ಕಾಗದ, ಕರಪತ್ರಗಳ ಡಿಟಿಪಿ ಕೆಲಸದಲ್ಲಿ ನಾನು ದಿನವೂ ಅದನ್ನೇ ನೋಡುತ್ತೇನೆ. ನಿಮ್ಮ ಬರಹವನ್ನು ಯಾರೋ ‘ನುಡಿ’ ತಂತ್ರಾಂಶದ ಹಳೆಯ, ಯುನಿಕೋಡ್ (ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತ ಕೊಡುವ ಜಾಗತಿಕ ಪದ್ಧತಿ) ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿಕೊಟ್ಟಿದ್ದಾರೆ. ಅಂತಹ ಫಾಂಟ್‌ನಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಕನ್ನಡದ ರೂಪ ಕೊಡುವುದು ಫಾಂಟ್. ಹುಡುಕಾಟದ ಎಂಜಿನ್ ಓದುವುದು ಸಂಕೇತವನ್ನಾದ್ದರಿಂದ ಆ ಪ್ಯಾರಾ ಅದಕ್ಕೆ ಕನ್ನಡವೇ ಅಲ್ಲ. ಬರಹವನ್ನು ಪರಿವರ್ತಕದಿಂದ ಯುನಿಕೋಡ್‌ಗೆ ಬದಲಿಸಿ, ಆಮೇಲೆ ಒಮ್ಮೆ ಕಣ್ಣಾರೆ ಓದಿ. ಪರಿವರ್ತನೆಯಲ್ಲಿ ಅರ್ಕಾವೊತ್ತು ಅಲ್ಲಲ್ಲಿ ತಪ್ಪುವುದುಂಟು.

ಒಂದೊಂದೇ ಅಕ್ಷರ ಮೂಡಿಸುವ ಕಡೆಗೂ ಗಮನವಿರಲಿ. ಆ ತಂತ್ರ ಇಂಗ್ಲಿಷ್‌ಗಾಗಿ ಹುಟ್ಟಿದ್ದು. ‘ಗೋಣಿಕೊಪ್ಪ’ವನ್ನು ಅದು ತುಂಡರಿಸಿದರೆ ಓ ಕಾರ, ಇ ಕಾರ, ಪ ಒತ್ತು ಎಲ್ಲವೂ ಬೇರೆಬೇರೆ ಚೂರುಗಳಾಗಿ ನೋಟವೂ ಕೆಡುತ್ತದೆ, ಪದವೂ ಒಡೆಯುತ್ತದೆ. ಪದಪದವಾಗಿ ಮೂಡಿಸಲು ಹೇಳಿ. ಕನ್ನಡಕ್ಕೆ ಅದೇ ಒಪ್ಪುತ್ತದೆ ಎಂದು ನನ್ನ ಖಚಿತ ಅಭಿಪ್ರಾಯ.

ಹೊರಗಿನವರು ಹುಡುಕುವಾಗ ನಮ್ಮ ಜಿಲ್ಲೆಯನ್ನು ‘ಕೂರ್ಗ್’ ಎಂದೇ ಬರೆಯುತ್ತಾರೆ. ಇಂಗ್ಲಿಷ್ ಪುಟವನ್ನೂ ಇಟ್ಟುಕೊಳ್ಳುವುದಾದರೆ ಎರಡೂ ಹೆಸರುಗಳು ವಾಕ್ಯದಲ್ಲಿ ಸಹಜವಾಗಿ ಬರಲಿ.

ಕೋಡ್‌ಗಾರ, ಕುಶಾಲನಗರ:

ವಿರಾಜಪೇಟೆಯವರ ಮಾತು ನನಗೆ ಹೊಳೆದಿರಲಿಲ್ಲ, ಧನ್ಯವಾದಗಳು. ಉಳಿದ ದುರಸ್ತಿ ಹೀಗಿರಲಿ.

ಹ್ಯಾಷ್ ಚಿಹ್ನೆಯ ನಂತರದ ಭಾಗವನ್ನು ಗೂಗಲ್ ಸಾಮಾನ್ಯವಾಗಿ ಬೇರೆ ಪುಟವೆಂದು ಎಣಿಸುವುದಿಲ್ಲ. ನಿಮ್ಮ ಐದು ವಿಭಾಗಗಳೂ ಅದಕ್ಕೆ ಒಂದೇ ವಿಳಾಸ. ಕೋಣೆಗಳಿಗೆ ಒಂದು, ಕಾಳುಮೆಣಸು ಮತ್ತು ಜೇನಿಗೆ ಒಂದು, ಹೀಗೆ ನಿಜವಾದ ವಿಳಾಸಗಳನ್ನು ಮಾಡಿಸಿ, ಪ್ರತಿಯೊಂದಕ್ಕೂ ಅದರದೇ ಶೀರ್ಷಿಕೆ ಕೊಡಿ, ಒಂದರಿಂದ ಇನ್ನೊಂದಕ್ಕೆ ಹೋಗಲು ಸಾಧಾರಣ ಲಿಂಕ್ ಇರಲಿ. ಒತ್ತಿದಾಗ ಮಾತ್ರ ಜಾವಾಸ್ಕ್ರಿಪ್ಟ್‌ನಿಂದ ಪುಟ ಬದಲಿಸುವ ಗುಂಡಿಯನ್ನು ಬಾಟ್ ಹಿಂಬಾಲಿಸಲಾರದು. ಒಂದು ಪುಟದಿಂದ ಇನ್ನೊಂದಕ್ಕೆ ಮಂಜು ಸರಿಯುವಂತೆಯೇ ಸಾಗಬೇಕೆಂದರೆ, ಹಿಸ್ಟರಿ ಎಪಿಐ ಎಂಬ ಬ್ರೌಸರ್‌ನ ಸೌಲಭ್ಯ ಬಳಸಿ ವಿಳಾಸ ಬದಲಾಯಿಸಿದರೆ ದೃಶ್ಯ ಮುರಿಯುವುದಿಲ್ಲ.

ಹೂಮಳೆಯ ಕ್ಯಾನ್ವಾಸ್ ಹಿಂದೆ ಇರಲಿ, ಬರಹ ಅದರ ಮೇಲೆ ನಿಜವಾದ ಎಚ್‌ಟಿಎಂಎಲ್ ಆಗಿ ನಿಲ್ಲಲಿ, ಅದೂ ಸರ್ವರ್‌ನಿಂದ ಬರುವಾಗಲೇ. ಪಠ್ಯ ಮೊದಲು ಪಾರದರ್ಶಕವಾಗಿದ್ದು ನಿಧಾನವಾಗಿ ಮೂಡಿದರೆ ಬಾಟ್‌ಗೆ ಅಡ್ಡಿಯಿಲ್ಲ, ಏಕೆಂದರೆ ಪದಗಳು ಪುಟದಲ್ಲಿ ಆಗಲೇ ಇವೆ. ಕ್ಯಾನ್ವಾಸನ್ನು ಹಾಗೆಯೇ ಬಿಟ್ಟು, ಬಾಟ್‌ಗಾಗಿ ಮಾತ್ರ ಕಾಣದ ಅಕ್ಷರಗಳನ್ನು ಅಡಗಿಸಿಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಗೂಗಲ್ ಅದನ್ನು ಸ್ಪ್ಯಾಮ್ ಎಂದು ಪರಿಗಣಿಸುತ್ತದೆ.

ವೇಗದ ಲೆಕ್ಕವೂ ಇದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು, ಪುಟದ ಅಲುಗಾಟದ ಅಂಕ 0.1 ದಾಟಬಾರದು ಎಂದು ಗೂಗಲ್‌ನ ಕೋರ್ ವೆಬ್ ವೈಟಲ್ಸ್ ಎಂಬ ಅಳತೆಗೋಲು ಹೇಳುತ್ತದೆ. ಪೂರ್ತಿ ಪಾರದರ್ಶಕವಾದ ಭಾಗವನ್ನು ಕ್ರೋಮ್ ಆ 2.5 ಸೆಕೆಂಡಿನ ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ, ಮುಖ್ಯ ಶೀರ್ಷಿಕೆಯನ್ನಾದರೂ ತಡಮಾಡದೆ ತೋರಿಸಿ. ಎತ್ತರ, ಅಂಚು ಬದಲಿಸಿ ವಸ್ತುಗಳನ್ನು ಸರಿಸುವ ಬದಲು ಪುಟದ ನೋಟವನ್ನು ನಿರ್ಧರಿಸುವ ಸಿಎಸ್‌ಎಸ್ ಭಾಷೆಯ ಟ್ರಾನ್ಸ್‌ಫಾರ್ಮ್ ಬಳಸಿದರೆ ಸುತ್ತಲಿನ ಬರಹ ಕುಲುಕುವುದಿಲ್ಲ.

ಹಳೆಯ ಲಾಡ್ಜ್‌ನವನು, ಪೊನ್ನಂಪೇಟೆ:

ನಾನು ಇದೇ ತಪ್ಪನ್ನು ಫ್ಲ್ಯಾಶ್ ಎಂಬ ಹಳೆಯ ಅನಿಮೇಷನ್ ತಂತ್ರಾಂಶದ ಕಾಲದಲ್ಲಿ ಮಾಡಿದ್ದೆ. ನಮ್ಮ ಲಾಡ್ಜ್‌ನ ಇಡೀ ವೆಬ್‌ಸೈಟ್ ಒಂದೇ ಫ್ಲ್ಯಾಶ್ ಕಡತವಾಗಿತ್ತು, ಆನೆ ನಡೆದು ಬಂದು ಬಾಗಿಲು ತೆರೆಯುತ್ತಿತ್ತು. ಫ್ಲ್ಯಾಶ್‌ನೊಳಗಿನ ಪಠ್ಯವನ್ನು ಚೆನ್ನಾಗಿ ಓದುತ್ತೇವೆಂದು ಗೂಗಲ್ 2008ರಲ್ಲಿ ಹೇಳಿತ್ತು, 2019ರಲ್ಲಿ ಆ ಓದನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು, 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್‌ಗೆ ಬೆಂಬಲ ಕೊನೆಗೊಳಿಸಿತು. ನಮ್ಮ ಬರಹದ ಪ್ರತಿ ಬೇರೆಲ್ಲೂ ಇರಲಿಲ್ಲ. ಆದ್ದರಿಂದ ಮೇಡಂ, ನಿಮ್ಮ ಬರಹವನ್ನೆಲ್ಲ ಮೊದಲು ಸಾದಾ ಕಡತವೊಂದರಲ್ಲಿ ಉಳಿಸಿಟ್ಟುಕೊಳ್ಳಿ.

ಕುಶಾಲನಗರದವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಆಷಾಢದ ಮಳೆಯಲ್ಲಿ, ಕರೆಂಟ್ ಹೋಗಿ ಟವರ್ ಸಿಗ್ನಲ್ ಒಂದು ಗೆರೆಗೆ ಇಳಿದಾಗ, ದಾರಿಯಲ್ಲಿರುವ ಅತಿಥಿ ನಿಮ್ಮ ಪುಟದಲ್ಲಿ ಹುಡುಕುವುದು ಫೋನ್ ನಂಬರ್ ಮತ್ತು ಬರುವ ದಾರಿಯನ್ನು. ಅವೆರಡು ಯಾವ ದೃಶ್ಯಕ್ಕೂ ಕಾಯದೆ ಕಾಣಲಿ. ಚಲನೆ ಕಂಡರೆ ತಲೆಸುತ್ತುವವರು ತಮ್ಮ ಫೋನ್‌ನಲ್ಲಿ ಚಲನೆ ಕಡಿಮೆ ಮಾಡುವ ಆಯ್ಕೆ ಹಾಕಿಕೊಂಡಿರುತ್ತಾರೆ. ಅದನ್ನು ಸಿಎಸ್‌ಎಸ್ ಗುರುತಿಸಬಲ್ಲದು, ಅಂಥವರಿಗೆ ಸ್ಥಿರ ಚಿತ್ರವನ್ನೇ ತೋರಿಸಿ.

ತೋಟದಮನೆ, ಸೋಮವಾರಪೇಟೆ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಈ ಪುಟವನ್ನೇ ಮುದ್ರಿಸಿ ವಿನ್ಯಾಸಕಾರರಿಗೆ ತೋರಿಸಿದೆ, ಅವರೂ ಒಪ್ಪಿ ಕೆಲಸ ಆರಂಭಿಸಿದ್ದಾರೆ. ‘ಒಳಗೆ ಬನ್ನಿ’ ಗುಂಡಿ ಹೋಯಿತು. ಕಾಳುಮೆಣಸಿನ ಪುಟಕ್ಕೆ ಸ್ವಂತ ವಿಳಾಸ ಬಂದಿದೆ, ಬರಹ ಯುನಿಕೋಡ್ ಆಗಿದೆ. ಇವತ್ತು ಬೆಳಿಗ್ಗೆ ಲೈವ್ ಪರೀಕ್ಷೆಯ ಎಚ್‌ಟಿಎಂಎಲ್‌ನಲ್ಲಿ ‘ಕಾಳುಮೆಣಸು’ ಎಂದು ಹುಡುಕಿದಾಗ ಆ ಪದ ಏಳು ಕಡೆ ಸಿಕ್ಕಿತು. ಇಂಡೆಕ್ಸ್ ಮಾಡಲು ಕೋರಿಕೆ ಸಲ್ಲಿಸಿದ್ದೇನೆ. ಮಂಜು ಹಾಗೆಯೇ ಇದೆ.